ಕೌದಿ ಒಗೆಯುವ ನೀರು

ಅವ್ವ ಸತ್ತ ಮೂರನೇ ದಿನ ಕೇರಿಯ ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. "ಹಾಸಿಗಿ ಹೊರಗ ಹಾಕ್ರೆಪಾ. ಸತ್ತವರದು ಮನಿಯಾಗ ಇಟಗೋಬಾರದು" ಅಂದರು. ಹಾಸಿಗೆ ಅಂದರೆ ಏನಿತ್ತು? ಒಂದು ಚಾಪೆ, ಒಂದು ದಿಂಬು, ಒಂದು ಕೌದಿ. ಚಾಪೆ, ದಿಂಬು ಹೋದವು. ಕೌದಿಯ ಮೇಲೆ ಅಕ್ಕ ಕೂತುಬಿಟ್ಟಳು. ಏಳಲಿಲ್ಲ.

ಊರಿನಲ್ಲಿ ಹೀಗೆ ಹೊರಗೆ ಬಿದ್ದ ಹಾಸಿಗೆಗಳು ಎಲ್ಲಿಗೆ ಹೋಗುತ್ತಿದ್ದವೆಂದು ನಮಗೆ ಗೊತ್ತು. ನಮ್ಮ ಮನೆಗೆ ಬರುತ್ತಿದ್ದವು. ಮುತ್ಯಾ ಊರಿನ ಸಾವುಗಳಿಗೆ ಕುಣಿ ತೋಡುತ್ತಿದ್ದ. ಸುದ್ದಿ ಹೇಳಲು ಹತ್ತೂರು ನಡೆಯುತ್ತಿದ್ದ. ಅದಕ್ಕೆ ಕೂಲಿ ಅಂತ ಇರಲಿಲ್ಲ. ಸತ್ತವರ ಹಾಸಿಗೆ, ಹೆಣದ ಮೇಲಿನ ಅರಿವಿ, ಇಷ್ಟು ಜೋಳ. ಈಗ ನಮ್ಮವ್ವನ ಹಾಸಿಗೆಯನ್ನು ಹೊರಗೆ ಹಾಕಿದರೆ ಎತ್ತಿಕೊಳ್ಳಲು ಯಾರು ಬರಬೇಕು? (ಹುಡುಕಿದರೆ ಈ ದೇಶದ ಏಣಿಯಲ್ಲಿ ಇನ್ನೊಂದು ಮೆಟ್ಟಿಲು ಸಿಕ್ಕೀತು. ಅದು ಬೇರೆ ಮಾತು.)

ಹಿರಿಯರು ಎದ್ದು ಹೋದರು. ಕೌದಿ ಉಳಿಯಿತು. ಅವ್ವ ಆರು ತಿಂಗಳು ಮಲಗಿದ್ದ ಕೌದಿ, ವಾಸನೆ ಹಿಡಿದಿತ್ತು. ಮಳೆಗಾಲ ಬೇರೆ, ಒಂದು ಅಂಚಿಗೆ ಬೂಷ್ಟು ಬಂದಿತ್ತು. ಇಟ್ಟುಕೊಳ್ಳುವುದಾದರೆ ಒಗೆಯಬೇಕು. ಒಗೆದರೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಾವು ಹೇಳಬೇಕೆಂದಿರುವುದು ಈ ಒಗೆಯುವ ವಿಷಯವನ್ನೇ. ದೊಡ್ಡ ಸಂಗತಿ ಅಲ್ಲ ಅನ್ನಿಸಬಹುದು. ನಮಗೆ ಆಗ ಅದಕ್ಕಿಂತ ದೊಡ್ಡದು ಇರಲಿಲ್ಲ.

ನಾವು ಅಂದರೆ ಮೂವರು. ಅಕ್ಕ ಊರಲ್ಲೇ ಇದ್ದಾಳೆ, ಕೂಲಿ ಮಾಡುತ್ತಾಳೆ. ನಮ್ಮಲ್ಲೊಬ್ಬ ಪ್ರಾಥಮಿಕ ಶಾಲೆಯ ಮೇಷ್ಟ್ರು. ಇನ್ನೊಬ್ಬನಿಗೆ ಹುಬ್ಬಳ್ಳಿಯಲ್ಲಿ ನೌಕರಿ. ಬರೆದದ್ದು ಒಬ್ಬರ ಕೈ, ಮಾತು ಮೂವರದು. ಅಕ್ಕನಿಗೆ ಓದು ಬಾರದು. ಓದಿ ಹೇಳಿದಾಗ ಅವಳು "ಇದು ಸುಳ್ಳು" ಅಂದ ಕಡೆಯಲ್ಲೆಲ್ಲ ಹೊಡೆದು ಹಾಕಿದ್ದೇವೆ.

ನಮ್ಮದು ಡೋಣಿ ದಂಡೆಯ ಊರು, ವಿಜಾಪುರ ಜಿಲ್ಲೆ. 2014ರಿಂದ ವಿಜಯಪುರ ಅನ್ನುತ್ತಾರೆ. ಡೋಣಿ ಹೊಳೆ ಹರಿದ ವರ್ಷ ಓಣಿಗೆಲ್ಲ ಜೋಳ ಎಂದು ನಮ್ಮ ಕಡೆ ಮಾತಿದೆ. ಎರೆಮಣ್ಣು ಅಂಥದು. ಆದರೆ ನೀರು ಉಪ್ಪು. ಕುಡಿಯಲು ಬಾರದು, ಬೇಳೆ ಬೇಯದು, ಸಾಬೂನು ನೊರೆ ಕಟ್ಟದು. ಊರೊಳಗೆ ಸಿಹಿನೀರಿನ ಬಾವಿ ಒಂದೇ ಇತ್ತು. ಅದರ ಕಟ್ಟೆಯಿಂದ ಇಪ್ಪತ್ತು ಹೆಜ್ಜೆ ದೂರ ಕೊಡ ಇಟ್ಟು ನಿಲ್ಲಬೇಕಿತ್ತು ನಮ್ಮ ಹೆಂಗಸರು. ಯಾರಾದರೂ ಪುಣ್ಯವಂತರು ಮೇಲಿಂದ ಸುರಿದರೆ ಕುಡಿಯಲು ನೀರು. ಬಟ್ಟೆ ಒಗೆಯಲು ಅದನ್ನು ಕೇಳುವ ಮಾತೇ ಇಲ್ಲ. ಬಟ್ಟೆಗೆ ಡೋಣಿ. ಅದರಲ್ಲೂ ಊರವರು ಒಗೆಯುವ ಕಲ್ಲುಗಳ ಕೆಳಗೆ, ದನ ತೊಳೆಯುವ ಮಡುವಿನ ಕೆಳಗೆ ನಮ್ಮ ಕಲ್ಲು. ಮೇಲಿನಿಂದ ಮೂರು ಸಲ ಕೊಳೆಯಾದ ನೀರು ನಮಗೆ.

ಅಗಸರವನು ನಮ್ಮ ಅರಿವಿ ಮುಟ್ಟುತ್ತಿರಲಿಲ್ಲ. ಅವನ ಮೇಲೆ ನಮಗೆ ಸಿಟ್ಟಿಲ್ಲ. ಮುಟ್ಟಿದ ಮರುದಿನ ಗೌಡರ ಮನೆಯ ಗಂಟು ಅವನಿಗೆ ಸಿಗುತ್ತಿರಲಿಲ್ಲ, ಕಣದಲ್ಲಿ ಆಯದ ಕಾಳೂ ಸಿಗುತ್ತಿರಲಿಲ್ಲ. ಅವನ ಹೊಟ್ಟೆಯನ್ನೂ ಅವರೇ ಕಟ್ಟಿದ್ದರು.

ಕೌದಿ ಏನೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಅದರಲ್ಲೇ ಮಲಗಿ ಬೆಳೆದವರು ನಾವು ನೀವು. ಆದರೆ ಅವ್ವನ ಕೌದಿಯ ಬಗ್ಗೆ ಹೇಳಬೇಕು. ಐದು ಮೊಳ ಉದ್ದ, ನಾಲ್ಕು ಮೊಳ ಅಗಲ. ಅವಳು ಅದನ್ನು ಹೊಲಿದದ್ದು 1972ರ ಬರದಲ್ಲಿ. ಹೊಲದಲ್ಲಿ ಕೆಲಸ ಇರಲಿಲ್ಲ. ಹಗಲು ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು ಬಂದು ಸಂಜೆ ಬೆಳಕಿರುವ ತನಕ ಹೊಲಿದಳಂತೆ. ಅಕ್ಕ ಆಗ ಹೊಟ್ಟೆಯಲ್ಲಿದ್ದಳು. ಅಡಿಗೆ ಅವ್ವನ ಮದುವೆಯ ಸೀರೆ. ನಡುವೆ ಸವೆದ ದೋತರ, ಪಟಗದ ತುಂಡು. ಮೇಲೆ ತೇಪೆಗಳು: ಗೌಡರ ಮನೆಯಿಂದ ರಾಶಿಯ ಹೊತ್ತಿಗೆ ಕೊಟ್ಟ ಇಳಕಲ್ ಪತ್ತಲದ ಟೋಪಿ ತೆನೆ ಸೆರಗು, ಕುಲಕರ್ಣಿಯರ ಮುದುಕಿಯ ಚಂದ್ರಕಾಳಿ ಸೀರೆ, ಗುಳೇದಗುಡ್ಡದ ಕಣದ ಕುಬಸ, ಅಪ್ಪನ ಅಂಗಿ. ಅಂಚಿನಿಂದ ಶುರುಮಾಡಿ ಒಳಕ್ಕೆ ಒಳಕ್ಕೆ ಹೊಲಿಯುತ್ತ ನಡುವಿಗೆ ಬಂದು ನಿಲ್ಲುವ ಟಾಕಿ. ಒಂದು ಮೂಲೆಯ ತೇಪೆಯೊಳಗೆ ಹತ್ತು ಕಾಳು ಜೋಳ ಇಟ್ಟು ಬಾಯಿ ಮುಚ್ಚಿದ್ದಳು. ಕೌದಿಯ ಹೊಟ್ಟೆ ಬರಿದಾಗಿರಬಾರದು ಅಂತ. ಬರಗಾಲದಲ್ಲಿ ಹತ್ತು ಕಾಳು.

ಇನ್ನೊಂದು ತುಂಡಿತ್ತು. ಅದು ಕಾಣುತ್ತಿರಲಿಲ್ಲ. ಒಂದು ಕಡೆ ಮೇಲಿನ ತೇಪೆ ಹರಿದು ಒಳಗಿನ ಪದರು ಹೊರಬಿದ್ದಿತ್ತು. ಅದರಲ್ಲಿ ಬಿಳಿಯ ದಪ್ಪ ಬಟ್ಟೆ, ಅಂಚಿಗೆ ಹಳೆಯ ಅರಿಶಿನ, ಬುಕ್ಕಿಟ್ಟಿನ ಕರಿ. ಏನೆಂದು ನಮಗಿಬ್ಬರಿಗೆ ತಿಳಿಯಲಿಲ್ಲ. ಅಕ್ಕನಿಗೆ ತಿಳಿದಿತ್ತು. ಮುತ್ಯಾ ಮಸಣದಿಂದ ತಂದದ್ದು. ಸಣ್ಣವಳಿದ್ದಾಗ ಅಕ್ಕ ಕೇಳಿದ್ದಳಂತೆ, "ಹೆಣದ ಅರಿವಿ ಯಾಕ ಹಾಕಿದಿ ಯವ್ವಾ?" ಅದಕ್ಕೆ ಅವ್ವ, "ಹೆಣಕ್ಕ ಚಳಿ ಇಲ್ಲ ಮಗಳ, ನಮಗ ಐತಿ" ಅಂದಿದ್ದಳು.

ಮನುಸ್ಮೃತಿಯ ಹತ್ತನೇ ಅಧ್ಯಾಯದಲ್ಲಿ ಚಂಡಾಲರ ವಾಸ ಊರ ಹೊರಗೆ ಎಂದು ಹೇಳಿ, 52ನೇ ಶ್ಲೋಕದಲ್ಲಿ ಅವರ ಉಡುಪು ಹೆಣದ ಬಟ್ಟೆ ಎಂದು ಬರೆದಿದೆ. ನಮ್ಮವ್ವ ಅದನ್ನು ಓದಿರಲಿಲ್ಲ. ಮುತ್ಯಾನೂ ಓದಿರಲಿಲ್ಲ. ಕುಣಿ ತೋಡಿಸಿದ ಗೌಡನೂ ಓದಿರಲಿಕ್ಕಿಲ್ಲ. ಓದದೆಯೇ ಎಲ್ಲರೂ ಅಕ್ಷರ ತಪ್ಪದೆ ನಡೆಸಿಕೊಂಡು ಬಂದರು. 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಆ ಪುಸ್ತಕವನ್ನು ಸುಟ್ಟರು. ಸುಟ್ಟು ನಲವತ್ತೈದು ವರ್ಷಗಳಾದ ಮೇಲೂ ಅದರ ಒಂದು ಶ್ಲೋಕ ನಮ್ಮ ಹಾಸಿಗೆಯೊಳಗೆ ಹೊಲಿದುಕೊಂಡು ಕೂತಿತ್ತು.

ಅದೇ ದಿನಗಳಲ್ಲಿ ಮಹಾಡದಲ್ಲಿ ಅವರು ಹೆಂಗಸರನ್ನು ಕೂಡಿಸಿ ಮಾತಾಡಿದ್ದರು. ಸೀರೆ ತೇಪೆಯದ್ದಾದರೂ ಚಿಂತೆಯಿಲ್ಲ, ಶುಚಿಯಾಗಿರಲಿ ಎಂದು ಹೇಳಿದ್ದರು. ಭಾಷಣಗಳಲ್ಲಿ ಈ ಮಾತನ್ನು ನಾವೆಲ್ಲ ಬಳಸುತ್ತೇವೆ. ಆದರೆ ಅದನ್ನು ಅವರು ಹೇಳಿದ್ದು ಯಾವ ಊರಲ್ಲಿ ಎಂಬುದನ್ನು ಮರೆಯುತ್ತೇವೆ. ಶುಚಿಗೆ ನೀರು ಬೇಕು. ಅದೇ ವರ್ಷದ ಮಾರ್ಚ್ 20ರಂದು ಅದೇ ಊರಿನ ಚೌದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು, ಅದಕ್ಕಾಗಿ ತಮ್ಮವರು ಪೆಟ್ಟು ತಿಂದದ್ದನ್ನು ನೋಡಿದ ಮೇಲೆ ಹೇಳಿದ ಮಾತು ಅದು. ನೀರಿನ ಮಾತನ್ನು ಬಿಟ್ಟು ಬರೀ ಶುಚಿಯ ಮಾತಾಡುವವರು ನಮ್ಮ ಶಾಲೆಗಳಲ್ಲಿ ಬೇಕಾದಷ್ಟಿದ್ದಾರೆ. "ನಿಮ್ಮ ಮಂದಿ ಮೈ ತೊಳೆಯಂಗಿಲ್ಲ, ಹಾಸಿಗಿ ಒಗೆಯಂಗಿಲ್ಲ" ಎಂದು ನಮ್ಮನ್ನು ಹಿಂದಿನ ಸಾಲಿನಲ್ಲಿ ಕೂಡಿಸಿದ ಮೇಷ್ಟ್ರು ಸಿಹಿನೀರಿನ ಬಾವಿಯ ಓಣಿಯವರು.

ಇಲ್ಲಿ ಒಂದು ಲೆಕ್ಕ ಹೇಳಬೇಕು. 1956ರ ತನಕ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತು. 1923ರಲ್ಲಿಯೇ ಎಸ್. ಕೆ. ಬೋಲೆಯವರ ಗೊತ್ತುವಳಿಯನ್ನು ಮುಂಬೈ ಶಾಸನಸಭೆ ಒಪ್ಪಿತ್ತು. ಸರಕಾರದ ಹಣದಲ್ಲಿ ಕಟ್ಟಿದ ಕೆರೆ, ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂದು. ಮಹಾಡದ ಕೆರೆಯ ವ್ಯಾಜ್ಯ 1937ರಲ್ಲಿ ಮುಂಬೈ ಹೈಕೋರ್ಟಿನಲ್ಲಿ ನಮ್ಮವರ ಕಡೆಗಾಯಿತು. ಅಂದರೆ ಅವ್ವ ಹುಟ್ಟುವ ಮೊದಲೇ ಕಾಗದದ ಮೇಲೆ ನೀರು ನಮ್ಮದಾಗಿತ್ತು. ಕಾಗದದಲ್ಲಿ ಕೌದಿ ಒಗೆಯಲು ಬರುವುದಿಲ್ಲ.

ವರ್ಷಕ್ಕೊಮ್ಮೆ ಮಾನೌಮಿಗೆ, ಘಟ ಹಾಕುವ ಮುಂಚೆ, ಮನೆಮನೆಯ ಹಾಸಿಗೆ ಹೊಳೆಗೆ ಹೋಗುತ್ತಿದ್ದವು. ಹಬ್ಬದ ಕಟ್ಟಳೆ ಇರಲಿ, ಅವ್ವ ಅದಕ್ಕೆ ಬೇರೆ ಕಾರಣ ಹೇಳುತ್ತಿದ್ದಳು. ಮಳೆ ಆದ ಮೇಲೆ ಡೋಣಿ ಹರಿಯುತ್ತದೆ, ಹರಿವಾಗ ಉಪ್ಪು ಕಡಿಮೆ. ಬ್ಯಾಸಗಿಯಲ್ಲಿ ಒಗೆದರೆ ಒಣಗಿದ ಮೇಲೆ ಬಟ್ಟೆಯ ಮೇಲೆ ಬಿಳಿ ಉಪ್ಪು ಕೂಡುತ್ತದೆ. ಆ ಉಪ್ಪು ಎಳೆಯೊಳಗೆ ಕೂತು ಕೊಯ್ಯುತ್ತದೆ. ಮುರಿದಲ್ಲಿ ಮಡಚಿದಲ್ಲಿ ಮೊದಲು ಹರಿಯುತ್ತದೆ. ನಮ್ಮ ಕೇರಿಯ ಕೌದಿಗಳು ಊರಿನ ಕೌದಿಗಳಿಗಿಂತ ಬೇಗ ಮುಪ್ಪಾಗುತ್ತಿದ್ದುದಕ್ಕೆ ಹೊಲಿಗೆ ಕಾರಣವಲ್ಲ.

ಸಾಬೂನು ಕೊಳ್ಳಲು ದುಡ್ಡಿರಲಿಲ್ಲ. ಇದ್ದರೂ ಆ ನೀರಿಗೆ ಅದು ನಡೆಯುತ್ತಿರಲಿಲ್ಲ. 501 ಬಾರ್ ಸಾಬೂನು ಮನೆಗೆ ಬಂದದ್ದು ನಮ್ಮಲ್ಲೊಬ್ಬ ಹಾಸ್ಟೆಲ್ ಸೇರಿದ ಮೇಲೆ. ಗಡಸು ನೀರಿನಲ್ಲಿ ಸಾಬೂನು ನೊರೆಯಾಗದೆ ಮೊಸರಿನ ಗಿಣ್ಣಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. ಅಂಟಿದ್ದು ಹಳದಿಯಾಗಿ ಬಿರುಸಾಗುತ್ತದೆ. ಅವ್ವನದು ಬೂದಿ. ಹತ್ತಿಕಟ್ಟಿಗೆಯ ಬೂದಿಯನ್ನು ಜರಡಿ ಹಿಡಿದು, ತಳಕ್ಕೆ ತೂತಿದ್ದ ಗಡಿಗೆಯಲ್ಲಿ ಹರಕು ಬಟ್ಟೆ ಹಾಸಿ ತುಂಬುತ್ತಿದ್ದಳು. ಮೇಲಿಂದ ನೀರು ಹನಿಸಿದರೆ ಕೆಳಗೆ ತಿಳಿಯಾದ ಬೂದಿನೀರು ಇಳಿಯುತ್ತದೆ. ಎರಡು ಬೆರಳ ನಡುವೆ ತಿಕ್ಕಿದಾಗ ಲೋಳೆಲೋಳೆ ಆದರೆ ಸರಿ. ಅದನ್ನು ಹೊಳೆಯ ನೀರಿಗೆ ಬೆರೆಸಿ ಒಂದು ರಾತ್ರಿ ಬಿಡುವುದು. ಬೆಳಿಗ್ಗೆ ತಳದಲ್ಲಿ ಸುಣ್ಣದಂಥ ಗಸಿ ಕೂತಿರುತ್ತದೆ. ಮೇಲಿನ ನೀರಷ್ಟನ್ನೇ ಬಸಿದುಕೊಂಡರೆ ಅದು ಮೆತ್ತನೆ ನೀರು. ನಮ್ಮಲ್ಲಿ ಮೇಷ್ಟ್ರಾದವನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವಾಗ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಅದು ಗಡಸು ನೀರಿನ ಕ್ಯಾಲ್ಸಿಯಮನ್ನು ಕೆಳಗೆ ಇಳಿಸುತ್ತದೆ ಎಂದು ಕೇಳಿದ. ಅದನ್ನು ತನ್ನ ಮನೆಯ ಹಿತ್ತಲಲ್ಲಿ ನೋಡಿದ್ದೇನೆಂದು ಎದ್ದು ಹೇಳಲು ನಾಚಿಕೆಯಾಗಿ ಕೂತ. ಆ ನಾಚಿಕೆಗೆ ಈಗ ನಾಚಿಕೆ.

ಬೂದಿನೀರಿನಲ್ಲಿ ನೂಲು ತಡೆದುಕೊಳ್ಳುತ್ತದೆ, ರೇಷ್ಮೆ ತಡೆಯದು, ಉಣ್ಣೆಯೂ ತಡೆಯದು. ಗೌಡರ ಮನೆಯ ಸೆರಗಿನ ತುಂಡಿನ ಮೇಲೆ ಅವ್ವ ಬೂದಿನೀರು ಬೀಳದಂತೆ ಎತ್ತಿ ಹಿಡಿಯುತ್ತಿದ್ದಳು. ನಮ್ಮಪ್ಪನ ಅಂಗಿಯ ತುಂಡಿಗೆ ಆ ಮರ್ಯಾದೆ ಬೇಕಿರಲಿಲ್ಲ.

ತಗಣಿ, ಹೇನು, ಕೂರೆ ಇದ್ದವು. ಮುಚ್ಚಿಡುವುದೇನು? ಒಂದು ಕೌದಿಯ ಕೆಳಗೆ ಐದು ಮಂದಿ ಮಲಗುವ ಮನೆ. ಅದಕ್ಕೆ ಕುದಿನೀರು, ಆಮೇಲೆ ಕಾದ ಬಂಡೆ. ಬಿಸಿಲು ಏರಿದ ಬಂಡೆಯ ಮೇಲೆ ಹಾಸಿ ಮಗ್ಗಲು ಬದಲಿಸುತ್ತ ಕಾಯುವುದು ನಮ್ಮ ಮೂವರ ಕೆಲಸ. ಅವ್ವ ಕೌದಿಯನ್ನು ಎಂದೂ ಹಿಂಡಿದವಳಲ್ಲ, ಎಂದೂ ಹಗ್ಗಕ್ಕೆ ತೂಗುಹಾಕಿದವಳಲ್ಲ. ನೀರು ಕುಡಿದ ಕೌದಿಯ ಭಾರವೆಲ್ಲ ಮೇಲಿನ ಎರಡು ಸಾಲು ಟಾಕಿಯ ಮೇಲೆ ಬಿದ್ದು ದಾರ ಪಟಪಟ ಹರಿಯುತ್ತದೆ. "ಬಾಣಂತಿ ಎತ್ತಿದಂಗ ಎತ್ತಬೇಕು, ಅಡಿಗೆ ಕೈ ಕೊಟ್ಟು" ಅನ್ನುತ್ತಿದ್ದಳು.

ಇಷ್ಟೆಲ್ಲ ನೋಡಿ ಬೆಳೆದವರು ನಾವು. ಆದರೂ ಒಂದು ಕೌದಿಯನ್ನು ನಾವೇ ಕೊಂದಿದ್ದೇವೆ.

ಅದು ಆಯಿಯ ಕೌದಿ. ಅವ್ವನದಕ್ಕಿಂತ ಹಳೆಯದು. 2006ರಲ್ಲಿ ಹುಬ್ಬಳ್ಳಿಯ ಮನೆಗೆ ಬಟ್ಟೆ ಒಗೆಯುವ ಯಂತ್ರ ಬಂತು. ಅದರ ಸಂಭ್ರಮ ಹೇಗೆ ಹೇಳುವುದು? ಹೊಳೆಯ ಕೆಳಗಿನ ಕಲ್ಲಿನಲ್ಲಿ ಸೊಂಟ ಮುರಿದುಕೊಂಡವರ ಮಗನ ಮನೆಯಲ್ಲಿ ಗುಂಡಿ ಒತ್ತಿದರೆ ನೀರು. ಅವ್ವನಿಗೆ ತೋರಿಸಬೇಕೆಂದು ಆಯಿಯ ಕೌದಿಯನ್ನು ಅದಕ್ಕೇ ಹಾಕಿದೆವು. ಹೊಳಪು ಬರಲೆಂದು ಪೌಡರನ್ನು ಎರಡು ಪಾಲು ಹಾಕಿದೆವು. ಅವ್ವ ಕುರ್ಚಿ ಎಳೆದುಕೊಂಡು ಅದರ ಮುಂದೆ ಕೂತಿದ್ದಳು. ಮುಚ್ಚಳ ತೆಗೆದಾಗ ಕೌದಿ ಇರಲಿಲ್ಲ. ಚಿಂದಿಯ ಗಂಟಿತ್ತು. ಮೇಲಿನ ಕರಿ ತೇಪೆಗಳು ಪುಡಿಯಾಗಿದ್ದವು. ನಡುವಿನ ಪದರು ಒಂದು ಮೂಲೆಗೆ ಮುದ್ದೆಯಾಗಿ ಸರಿದಿತ್ತು. ಕೆಂಪು ಬಣ್ಣ ಎಲ್ಲದಕ್ಕೂ ಹತ್ತಿತ್ತು. ಅವ್ವ ಬೈಯಲಿಲ್ಲ. ಚಿಂದಿಗಳನ್ನು ಒಂದೊಂದಾಗಿ ಬಿಡಿಸಿ ಮೊಳಕಾಲ ಮೇಲೆ ಹಾಕಿಕೊಂಡು ನೀವಿದಳು. "ಇರಲಿ ಬಿಡಪಾ, ಅದಕ್ಕೂ ವಯಸ್ಸಾಗಿತ್ತು" ಅಂದಳು. ಆ ಮಾತು ಬೈಗುಳಕ್ಕಿಂತ ಕಡೆ.

ಆಮೇಲೆ ತಿಳಿದುಕೊಂಡೆವು. ಹಳೆಯ ಕಾಲದಲ್ಲಿ ಕಬ್ಬಿಣದ ನೀರು, ಅಳಲೆಕಾಯಿಯಂಥ ಒಗರು ಸೇರಿಸಿ ಹಾಕಿದ ಕರಿಬಣ್ಣ ಬಟ್ಟೆಯ ಎಳೆಯನ್ನು ಒಳಗೊಳಗೇ ತಿನ್ನುತ್ತದೆ. ಯಾವ ಹಳೆಯ ಕೌದಿಯಲ್ಲೂ ಕರಿ ತುಂಡು ಮೊದಲು ಹೋಗುವುದು ಇದಕ್ಕೇ. ತಯಾರಾದ ಪೌಡರುಗಳಲ್ಲಿ ಬಿಳುಪು ಏರಿಸುವ ಮದ್ದು ಇರುತ್ತದೆ. ಹೊಸ ಅಂಗಿಗೆ ಅದು ಒಳ್ಳೆಯದು. ಐವತ್ತು ವರ್ಷದ ನೂಲಿಗೆ ವಿಷ. ಯಂತ್ರದ ತಪ್ಪೇನೂ ಇಲ್ಲ. ಅದಕ್ಕೆ ಅಂಗಿ ಯಾವುದು, ಮುದುಕಿ ಯಾವುದು ಗೊತ್ತಾಗುವುದಿಲ್ಲ. ನಮಗೆ ಗೊತ್ತಿರಬೇಕಿತ್ತು.

ಅವ್ವ ತೀರಿದ್ದು 2021ರ ಶ್ರಾವಣದಲ್ಲಿ. ಆಗಲೇ ಬೆಂಗಳೂರಿನಿಂದ ಇಬ್ಬರು ಬಂದು ಹೋಗಿದ್ದರು, ಹಳೆಯ ಕೌದಿ ಕೂಡಿಸುವವರು. ಒಳ್ಳೆಯ ಮಾತಿನವರೇ. ಅವ್ವನ ಕೌದಿ ನೋಡಿ 'ವಿಂಟೇಜ್' ಅಂದರು. ಎಂಟು ಸಾವಿರ ಕೊಡುತ್ತೇವೆ, ಗೋಡೆಗೆ ಹಾಕುತ್ತೇವೆ ಅಂದರು. "ಒಗೆಯಬೇಡಿ, ಹೀಗೇ ಇರಲಿ, ಈ ಕಲೆಗಳೇ ಇದರ ಚೆಂದ" ಅಂದರು. ಅಕ್ಕ ಅಡಿಗೆ ಮನೆಯಿಂದಲೇ ಕೇಳಿದಳು: "ಅವರ ಅವ್ವನ ಹಾಸಿಗಿ ಒಗೀದ ಇಡತಾರೇನು?" ಕೊಡಲಿಲ್ಲ. ಆದರೆ ಅವರು ಹೇಳಿಕೊಟ್ಟದ್ದನ್ನು ಮರೆಯುವುದು ನ್ಯಾಯವಲ್ಲ. ಕೆಳಗೆ ಜಾಳಿಗೆ ಕೊಟ್ಟು ಎತ್ತುವುದು, ಒಗೆಯುವ ಮೊದಲು ಬಣ್ಣ ಪರೀಕ್ಷೆ ಮಾಡುವುದು, ಪ್ಲಾಸ್ಟಿಕ್ ಚೀಲದಲ್ಲಿ ಇಡಬಾರದೆನ್ನುವುದು ಅವರಿಂದಲೂ ಕೇಳಿದೆವು. ಅರ್ಧ ಅವ್ವ ಹೇಳಿದ್ದೇ ಆಗಿತ್ತು.

ಕೌದಿ ಗೋಡೆಗೆ ಏರುವುದು ನಮ್ಮ ದೇಶದಲ್ಲಷ್ಟೇ ಅಲ್ಲ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಎಂಬ ಊರಿದೆ, ಹೊಳೆಯ ತಿರುವಿನಲ್ಲಿ. ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿನ ಕರಿಯ ಹೆಂಗಸರು ಹೊಲದ ಕೆಲಸದ ಸವೆದ ಅಂಗಿ, ಇಜಾರಗಳಿಂದ ಕೌದಿ ಹೊಲಿಯುತ್ತಿದ್ದರು. 1962ರಲ್ಲಿ, ಅವರು ಮತದಾರರ ಪಟ್ಟಿಗೆ ಹೆಸರು ಬರೆಸಲು ದಾಟಿ ಹೋಗತೊಡಗಿದ ದಿನಗಳಲ್ಲಿ, ಆ ಹೊಳೆಯ ದೋಣಿಯನ್ನೇ ನಿಲ್ಲಿಸಿಬಿಟ್ಟರು. 2002ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿಗೆ ಹೋದವು. 2006ರಲ್ಲಿ ಅಂಚೆಚೀಟಿಯ ಮೇಲೆ ಬಂದವು. ದೋಣಿ ಮತ್ತೆ ಶುರುವಾದದ್ದೂ ಆ ವರ್ಷವೇ. ಹೊಳೆ ದಾಟಿ ಕೌದಿ ನ್ಯೂಯಾರ್ಕಿಗೆ ಹೋದರೂ ಹೊಲಿದವರಿಗೆ ದೋಣಿ ಬರಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ನಮ್ಮಲ್ಲಿ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹೆಂಗಸರ ಕವಂದಿಗಳೂ ಈಗ ದೂರದೂರ ಹೋಗುತ್ತಿವೆ. ಹೋಗಲಿ. ಹೊಲಿದವಳ ಹೆಸರು ಮತ್ತು ಕೂಲಿ ಎರಡೂ ಜೊತೆಯಲ್ಲಿ ಹೋಗಲಿ.

ಮಾನೌಮಿಯ ಮುಂಚೆ ಒಗೆಯುವುದೆಂದಾಯಿತು. ಯಾವ ನೀರಿನಲ್ಲಿ? ಅಕ್ಕ ಹಟ ಹಿಡಿದಳು: "ಸಿಹಿನೀರಿನ ಬಾವ್ಯಾಗಿನ ನೀರಿಂದನ ಒಗೀಬೇಕು. ಅವ್ವ ಒಮ್ಮೆರ ಆ ಕಟ್ಟಿ ಹತ್ತಲಿ." ಮೂವರೂ ಹೋದೆವು, ಕೊಡ ಹಗ್ಗ ಹಿಡಿದು. ಯಾರೂ ತಡೆಯಲಿಲ್ಲ. ಕಟ್ಟೆಯ ಮೇಲೆ ಹತ್ತಿ ಬಗ್ಗಿ ನೋಡಿದೆವು. ಒಳಗೆ ಪ್ಲಾಸ್ಟಿಕ್ ಚೀಲ, ಹಳೆ ಚಪ್ಪಲಿ, ಸತ್ತ ನಾಯಿ. ನಳ ಬಂದ ಮೇಲೆ ಊರವರು ಬಾವಿ ಬಿಟ್ಟಿದ್ದರು. ನೀರು ಪಾಚಿಗಟ್ಟಿ ಹಸಿರಾಗಿತ್ತು. ನಮಗೆ ಬಾವಿ ತೆರೆದದ್ದು ಬಾವಿ ಸತ್ತ ಮೇಲೆ. ಅಕ್ಕ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತಳು. ಆಮೇಲೆ ಕಾಲು ಜೋಲಾಡಿಸುತ್ತ ಎಲೆ ಅಡಿಕೆ ಹಾಕಿಕೊಂಡಳು. ಉಗುಳಿ ಎದ್ದಳು.

ಕೇರಿಯ ನಳಕ್ಕೆ ಮೂರು ದಿನಕ್ಕೊಮ್ಮೆ ನೀರು. ಎರಡು ಸಲದ ನೀರನ್ನು ಹಿಡಿದು ಡ್ರಮ್ಮಿನಲ್ಲಿ ತುಂಬಿದೆವು. ಮೊದಲು ಹಗಲಿನ ಬೆಳಕಿನಲ್ಲಿ ಕೌದಿ ಹಾಸಿ ಬಿಚ್ಚಿದ ಟಾಕಿಗಳನ್ನೆಲ್ಲ ಹತ್ತಿ ದಾರದಿಂದ ಸಡಿಲವಾಗಿ ಹಿಡಿದೆವು. ನೈಲಾನ್ ದಾರ ಹಾಕಿದರೆ ದಾರ ಗಟ್ಟಿ, ಬಟ್ಟೆ ಮೆತ್ತಗೆ. ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ಕರಿ ತುಂಡುಗಳ ಮೇಲೆ ತೆಳು ಬಲೆಬಟ್ಟೆ ಇಟ್ಟು ಸುತ್ತ ಹೊಲಿದೆವು. ಬಿಳಿ ದೋತರದ ಚುಂಗು ಒದ್ದೆ ಮಾಡಿ ಒಂದೊಂದು ಬಣ್ಣದ ಮೇಲೆ ಒತ್ತಿ ಹಿಡಿದು ನೋಡಿದೆವು. ಸೆರಗಿನ ಕೆಂಪು ಹತ್ತಿತು. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಓಣಿಯವರು ಹೇಳಿದರು. ಉಪ್ಪಿನ ಸಹವಾಸ ಸಾಕಾಗಿತ್ತು. ನಂಬುವ ಉಪಾಯವೂ ಅಲ್ಲ ಅದು. ಆ ತುಂಡನ್ನು ನೀರಿಗೆ ಬಿಡದೆ ಹೊರಗೆ ಎತ್ತಿ ಹಿಡಿದೆವು, ಅವ್ವ ಹಿಡಿಯುತ್ತಿದ್ದಂತೆಯೇ.

ಅಂಗಳದಲ್ಲಿ ಇಟ್ಟಿಗೆ ನಿಲ್ಲಿಸಿ ಮೇಲೆ ತಾಡಪತ್ರಿ ಹಾಸಿ ಹೊಂಡ ಮಾಡಿದೆವು. ಸೊಳ್ಳೆಪರದೆಯ ಮೇಲೆ ಕೌದಿಯನ್ನು ಇಟ್ಟು ಇಳಿಸಿದೆವು. ಬರೀ ತಣ್ಣೀರು. ತಿಕ್ಕಲಿಲ್ಲ, ಬಡಿಯಲಿಲ್ಲ. ಅಂಗೈಯಿಂದ ಒತ್ತಿ ಬಿಡುವುದು, ಒತ್ತಿ ಬಿಡುವುದು. ಮೊದಲ ನೀರು ಚಹಾದ ಬಣ್ಣ ಬಂತು. ಎರೆಮಣ್ಣು, ಒಲೆಯ ಹೊಗೆ, ಬೆವರು, ಅವ್ವನ ಕಡೆಯ ಆರು ತಿಂಗಳು. ಚೆಲ್ಲಲು ಮನಸ್ಸಾಗಲಿಲ್ಲ. ಬೇವಿನ ಗಿಡದ ಬುಡಕ್ಕೆ ಹೊತ್ತೆವು. ಎರಡನೆಯ ನೀರಿಗೆ ಸ್ವಲ್ಪವೇ ಅಂಟುವಾಳದ ತಿಳಿ. ಮೂರು, ನಾಲ್ಕು, ಐದನೆಯದು ಬರೀ ನೀರು. ಪ್ರತಿ ಸಲ ಅಕ್ಕ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದಳು. ಹಳೆಯ ಉಪ್ಪು ಬಿಡುತ್ತಲೇ ಇತ್ತು. ಐದನೆಯದಕ್ಕೆ "ಇನ್ನ ಸಪ್ಪಗಾತು" ಅಂದಳು. ಐವತ್ತು ವರ್ಷದ ಡೋಣಿ ಅಂದು ಕೌದಿಯಿಂದ ಇಳಿದು ಹೋಯಿತು.

ಕಲೆಗಳು ಉಳಿದವು. ನಡುವಿನಲ್ಲೊಂದು ದೊಡ್ಡ ಕಂದು ಕಲೆ. ನಾವು ಮೂವರೂ ಆ ಕೌದಿಯ ಮೇಲೆ ಹುಟ್ಟಿದವರು. ಅಷ್ಟು ಹಳೆಯ ರಕ್ತ ಎಳೆಯೊಳಗೆ ಇಳಿದುಬಿಟ್ಟಿರುತ್ತದೆ. ತೆಗೆಯಲು ಹೋದರೆ ಎಳೆಯೇ ಬರುತ್ತದೆ. ಕಲೆ ಇರಲಿ ಎಂದು ನಾವೂ ಅಂದೆವು, ಆ ಬೆಂಗಳೂರಿನವರಂತೆ. ಮಾತು ಒಂದೇ. ಆದರೆ ಒಗೆದ ಮೇಲೆ ಉಳಿದ ಕಲೆ ಬೇರೆ, ಒಗೆಯಬೇಡಿ ಅನ್ನುವ ಕಲೆ ಬೇರೆ.

ಹೆಣದ ಅರಿವಿಯ ಬಗ್ಗೆ ಜಗಳವಾಯಿತು. ಹೇಗೂ ಬಿಚ್ಚಿಕೊಂಡಿದೆ, ಆ ಬಿಳಿ ತುಂಡನ್ನು ಎಳೆದು ಸುಟ್ಟುಬಿಡೋಣ, ಮಹಾಡದಲ್ಲಿ ಸುಟ್ಟಂತೆ ಎಂದು ನಮ್ಮಲ್ಲೊಬ್ಬ ಹೇಳಿದ. ಇನ್ನೊಬ್ಬ, ಬೇಡ, ಅದು ಸಾಕ್ಷಿ, ಇರಬೇಕು ಅಂದ. ದೊಡ್ಡ ದನಿಯಲ್ಲಿ ಅರ್ಧ ತಾಸು ವಾದ ಮಾಡಿದೆವು, ಸಭೆಯಲ್ಲಿ ಮಾಡುವಂತೆ. ಅಕ್ಕ ಅಷ್ಟರಲ್ಲಿ ಅದರ ಮೇಲೆ ಅವ್ವನ ಕಡೆಯ ಸೀರೆಯ ತುಂಡೊಂದನ್ನು ಇಟ್ಟು ಹೊಲಿದು ಮುಗಿಸಿದ್ದಳು. ಅದು ಒಳಗೇ ಇದೆ.

ಹೊರಸಿನ ಮೇಲೆ ಪರದೆ ಹಾಸಿ, ಒಳಮೈ ಮೇಲೆ ಮಾಡಿ, ಗಿಡದ ನೆರಳಿನಲ್ಲಿ ಒಣಗಿಸಿದೆವು. ಎರಡು ದಿನ ಹಿಡಿಯಿತು. ರಾತ್ರಿ ಸರದಿಯಲ್ಲಿ ಕಾದೆವು, ಇಬ್ಬನಿ ಬೀಳದಂತೆ. ಎರಡನೆಯ ದಿನ ಓಣಿಯ ಮುದುಕಿಯರು ಬಂದು ಸುತ್ತ ನಿಂತರು. ಒಬ್ಬಳು ಕಣದ ಕುಬಸದ ತುಂಡನ್ನು ಮುಟ್ಟಿ, "ಇದು ನಮ್ಮತ್ತೀದು. ನಿಮ್ಮವ್ವ ಇಸಗೊಂಡು ಹೋಗಿದ್ಲು. ನನಗ ಕೊಡತೀನಿ ಅಂದಿದ್ಲು ಅತ್ತಿ" ಅಂದಳು. ಐವತ್ತು ವರ್ಷದ ತಕರಾರು. ಆಮೇಲೆ ನಕ್ಕಳು. ಅವಳ ಮನೆಯ ಅಟ್ಟದ ಮೇಲೂ ಒಂದು ಕೌದಿ ಇದೆಯಂತೆ. ಒಗೆಯಲು ಬರುತ್ತೀರೇನು ಎಂದು ಕೇಳಿದಳು. ಹೋದೆವು. ಈಗ ನಾಲ್ಕು ಮನೆಯದ್ದಾಗಿದೆ. ಹಳ್ಳಿಯ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಮಕ್ಕಳಿಗೆ ಅವರವರ ಮನೆಯ ಕೌದಿಯಲ್ಲಿ ಯಾರ ಯಾರ ಬಟ್ಟೆ ಇದೆ ಎಂದು ಕೇಳಿಕೊಂಡು ಬರೆದು ತರಲು ಹೇಳಿ. ಇತಿಹಾಸದ ಪಾಠಕ್ಕೆ ಬೇರೆ ಪುಸ್ತಕ ಸಾಲದಿದ್ದಾಗ ಬರುತ್ತದೆ.

ಈಗ ಅವ್ವನ ಕೌದಿ ಅಕ್ಕನ ಮನೆಯಲ್ಲಿದೆ. ತಗಡಿನ ಪೆಟ್ಟಿಗೆಯಲ್ಲಿ ಇಟ್ಟರೆ ತುಕ್ಕು ಹತ್ತೀತೆಂದು ಒಳಗೆ 'ದಪ್ಪ ಬಿಳಿ ಬಟ್ಟೆ' ಹಾಸಿ, ಒಗೆದ ಹಳೆಯ ದೋತರದಲ್ಲಿ ಸುತ್ತಿ ಇಟ್ಟಿದ್ದೇವೆ. ಮಡಿಕೆಗಳ ನಡುವೆ ಬಟ್ಟೆಯ ಸುರುಳಿ, ಮಡಿಕೆ ಮುರಿಯದಂತೆ. ಒಣಗಿದ ಬೇವಿನ ಎಲೆ ಸಣ್ಣ ಚೀಲದಲ್ಲಿ, ಕೌದಿಗೆ ತಾಗದಂತೆ. ವರ್ಷಕ್ಕೆರಡು ಸಲ ತೆಗೆದು ಗಾಳಿಗೆ ಹರವಿ ಬೇರೆ ಕಡೆಯಿಂದ ಮಡಚುತ್ತೇವೆ. ಮಾನೌಮಿಯ ರಾತ್ರಿ ಅಕ್ಕನ ಮೊಮ್ಮಗಳು ಅದನ್ನು ಹೊದ್ದು ಮಲಗುತ್ತಾಳೆ. ಬೇಡ ಎಂದು ನಾವು ಹೇಳಿ ನೋಡಿದೆವು, ಸವೆಯುತ್ತದೆ ಅಂತ. "ಹೊದ್ಯಾಕ ಹೊಲದದ್ದು" ಅಂದಳು ಅಕ್ಕ.

ಮೂಲೆಯ ಆ ಜೋಳದ ಕಾಳುಗಳನ್ನು ಮರೆತಿದ್ದೆವು. ಒಣಗಿಸುವಾಗ ಕೈಗೆ ಹತ್ತಿದವು. ಬಿಚ್ಚಿ ನೋಡಿದರೆ ಹಿಟ್ಟು, ಬರೀ ಸಿಪ್ಪೆ. ನುಸಿ ತಿಂದು ಎಷ್ಟು ಕಾಲವಾಗಿತ್ತೋ. ಕೌದಿಯೊಳಗೆ ಕಾಳು ಇಡಬಾರದು, ಹುಳ ಬರುತ್ತದೆ, ಇಲಿ ಬರುತ್ತದೆ ಎಂದು ನಮ್ಮಲ್ಲಿ ಓದಿದವರು ಇಬ್ಬರೂ ಹೇಳಿದೆವು. ಅಕ್ಕ ಒಳಗೆ ಹೋದಳು. ಒಂದು ಹಿಡಿ ಬಿಳಿಜೋಳ ತಂದಳು. ಎಣಿಸಿ ಹತ್ತು ಕಾಳು ಹಾಕಿದಳು. ಆಮೇಲೆ ಇನ್ನಷ್ಟು ಹಾಕಿ ಬಾಯಿ ಹೊಲಿದಳು.